ಆಫ್ ಮಾಡಿ ನೋಡಿ: ಎರಡು ಸಾಲುಗಳ ವಿಮರ್ಶೆ

ಮಾರಿಕುಪ್ಪಂನಿಂದ ಹೊರಟ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯವರಿಗೆ ಕೂರಲು ಜಾಗ ಸಿಕ್ಕುವುದು ಅಪರೂಪ. ಹೋದ ತಿಂಗಳು ಒಂದು ದಿನ ಸಿಕ್ಕಿತು. ಎದುರು ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ತೂಕಡಿಸುತ್ತಿದ್ದ ಹುಡುಗ ಟೇಕಲ್ ದಾಟಿದ ಮೇಲೆ ಕಣ್ಣುಬಿಟ್ಟು ನೋಡಿದರೆ ಯಂತ್ರ ಅರ್ಧ ಸತ್ತಿತ್ತು. ಪರದೆ ಬೆಳಗುತ್ತಿದೆ, ಕರ್ಸರ್ ಓಡಾಡುತ್ತಿದೆ, ಆದರೆ ಒಂದು ಫೈಲೂ ತೆರೆಯುತ್ತಿಲ್ಲ. ಅವನ ಪಕ್ಕದಲ್ಲಿದ್ದ ಗೆಳೆಯ ಮೊಬೈಲಿನಿಂದ ತಲೆಯೆತ್ತದೆ ಹೇಳಿದ: ‘ಎಸ್‌ಎಸ್‌ಡಿ ಮಲಗಿರುತ್ತೆ. ಆ ಮೂರೂ ಆಫ್ ಮಾಡ್ಬಿಡು, ಮತ್ತೆ ಬರಲ್ಲ.’ ಯಾವ ಮೂರು ಎಂದು ಹುಡುಗ ಕೇಳಲಿಲ್ಲ. ಅವನಿಗೂ ಗೊತ್ತಿತ್ತು.

ಲಿನಕ್ಸ್ ಬಳಸುವ ಎಲ್ಲರಿಗೂ ಗೊತ್ತಿದೆ. ಸ್ಟೋರೇಜ್ ಡ್ರೈವರ್‌ಗಳ ಕೆಲಸದಲ್ಲಿ ಹನ್ನೆರಡು ವರ್ಷ ಕಳೆದಿರುವ ನಾನು ಈ ಮಾತನ್ನು ಆಫೀಸಿನಲ್ಲಿ, ಕಾಲೇಜುಗಳಲ್ಲಿ, ರಿಪೇರಿ ಅಂಗಡಿಗಳಲ್ಲಿ ಕೇಳಿದ್ದೇನೆ. ಈಗ ರೈಲಿನಲ್ಲೂ ಕೇಳಿದಂತಾಯಿತು. ಒಂದು ಪಠ್ಯ ಇಷ್ಟು ಬಾಯಿಪಾಠವಾದ ಮೇಲೆ ಅದನ್ನು ಪಠ್ಯವೆಂದೇ ಹಿಡಿದು ಓದಬೇಕಾಗುತ್ತದೆ. ಕವಿತೆಯ ಎರಡು ಸಾಲನ್ನು ನಾಲ್ಕು ಪುಟ ಚರ್ಚಿಸುವ ನಾವು, ಲಕ್ಷಾಂತರ ಜನರ ಯಂತ್ರದಲ್ಲಿ ಕೂತಿರುವ ಎರಡು ಸಾಲನ್ನು ಯಾಕೆ ಚರ್ಚಿಸಬಾರದು?

ಆ ಎರಡು ಸಾಲುಗಳಿರುವುದು ಲಿನಕ್ಸ್ ಕರ್ನಲ್ಲಿನ ಎನ್‌ವಿಎಂಇ ಡ್ರೈವರ್‌ನಲ್ಲಿ. ಎಸ್‌ಎಸ್‌ಡಿಯ ಕಂಟ್ರೋಲರ್ ಇದ್ದಕ್ಕಿದ್ದಂತೆ ಉತ್ತರ ಕೊಡದೆ ಹೋದಾಗ ಡ್ರೈವರ್ ಮೊದಲು ಕಂಟ್ರೋಲರ್ ಬಿದ್ದಿದೆ, ರಿಸೆಟ್ ಮಾಡುತ್ತೇನೆ ಎಂದು ಎರಡು ರಿಜಿಸ್ಟರ್‌ಗಳ ಬೆಲೆಯ ಜೊತೆಗೆ ಬರೆಯುತ್ತದೆ. ಅದರ ಕೆಳಗೆ ನಮ್ಮ ಪಠ್ಯ. ಮೊದಲ ಸಾಲು ಒಂದು ಪ್ರಶ್ನೆ: ನಿಮ್ಮ ಸಾಧನದಲ್ಲಿ ದೋಷವಿರುವ ವಿದ್ಯುತ್ ಉಳಿತಾಯದ ಕ್ರಮವೇನಾದರೂ ಚಾಲ್ತಿಯಲ್ಲಿದೆಯೇ? ಎರಡನೆಯದು ಸಲಹೆ: ಈ ಮೂರು ಬೂಟ್ ಆಯ್ಕೆಗಳನ್ನು ಹಾಕಿ ನೋಡಿ, ಮತ್ತು ಬಗ್ ವರದಿ ಮಾಡಿ. ಮೂರು ಎಂದರೆ, ಡ್ರೈವ್ ತಾನಾಗಿ ನಿದ್ದೆಗೆ ಜಾರುವ ಎಪಿಎಸ್‌ಟಿಯ ಲೇಟೆನ್ಸಿ ಮಿತಿಯನ್ನು ಸೊನ್ನೆ ಮಾಡುವುದು, ಪಿಸಿಐಇ ಎಎಸ್‌ಪಿಎಂ ಆಫ್, ಪಿಸಿಐಇ ಪೋರ್ಟ್ ಪಿಎಂ ಆಫ್. ಡ್ರೈವರ್‌ನ ಉಸ್ತುವಾರಿ ಹೊತ್ತ ಕೀತ್ ಬುಶ್ 2022ರಲ್ಲಿ ಇದನ್ನು ಸೇರಿಸಿದಾಗ ಆಯ್ಕೆ ಎರಡೇ ಇದ್ದವು. ಮೂರನೆಯದು ಆಮೇಲೆ ಬಂತು.

ಈ ಸಾಲುಗಳಿಗೆ ಬಂದಿರುವ ಕೀರ್ತಿ ಅವುಗಳ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ವಾದ. ಅವು ರೋಗ ಪತ್ತೆಗೆ ಬರೆದ ಚೀಟಿ. ಜನ ಅದನ್ನು ಔಷಧಿ ಚೀಟಿ ಎಂದು ಓದಿದ್ದಾರೆ. ತಪ್ಪು ಓದಿದವರದ್ದು ಮಾತ್ರ ಎನ್ನುವಂತಿಲ್ಲ, ಚೀಟಿ ಬರೆದ ರೀತಿಯೇ ಹಾಗಿದೆ.

ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸುತ್ತೇನೆ. ಈ ಸಾಲುಗಳು ಕಂಡಕಂಡ ದೋಷಕ್ಕೆಲ್ಲ ಬರುವುದಿಲ್ಲ. ಸಿಎಸ್‌ಟಿಎಸ್ ಎಂಬ ಸ್ಥಿತಿ ರಿಜಿಸ್ಟರ್ ಓದಿದಾಗ 32 ಬಿಟ್‌ಗಳೂ ಒಂದೇ ಆಗಿ ಬಂದರೆ, ಅಂದರೆ ಪರದೆಯ ಮೇಲೆ ಎಂಟು ಎಫ್‌ಗಳು ಸಾಲಾಗಿ ನಿಂತರೆ, ಆಗ ಮಾತ್ರ. ಡ್ರೈವರ್ ಅಷ್ಟು ಎಚ್ಚರ ವಹಿಸುತ್ತದೆ. ಈ ಸಾಲುಗಳೇ ಇಲ್ಲದ ಕಾಲದಲ್ಲಿ ಬರಿಯ ಸಂಖ್ಯೆ ನೋಡಿ ತಲೆ ಕೆರೆದುಕೊಂಡವರಿಗೆ ಇದು ದೊಡ್ಡ ಉಪಕಾರವೇ ಸರಿ. ಇಷ್ಟು ಹೇಳಿ ಮುಂದಕ್ಕೆ ಹೋಗುತ್ತೇನೆ.

ಆ ಎಂಟು ಎಫ್‌ಗಳ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಎಡವಟ್ಟು ಶುರುವಾಗುವುದು ಅಲ್ಲೇ. ಅದು ಕಂಟ್ರೋಲರ್ ಕೊಟ್ಟ ಉತ್ತರವಲ್ಲ. ಪ್ರೊಸೆಸರ್ ಒಂದು ರಿಜಿಸ್ಟರ್ ಓದಲು ಕೇಳುತ್ತದೆ, ಕೇಳಿಕೆ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಡ್ರೈವ್ ಕಡೆಗೆ ಹೋಗುತ್ತದೆ, ಅತ್ತಲಿಂದ ಏನೂ ಬರುವುದಿಲ್ಲ. ಆಗ ಈ ಕಡೆಯ ತುದಿಯಲ್ಲಿರುವ ರೂಟ್ ಕಾಂಪ್ಲೆಕ್ಸ್ ಬರಿಗೈಯಲ್ಲಿ ವಾಪಸಾಗಲಾರದೆ ಎಲ್ಲ ಬಿಟ್‌ಗಳನ್ನೂ ಒಂದು ಮಾಡಿ ಕೊಟ್ಟುಬಿಡುತ್ತದೆ. ಎಂಟು ಎಫ್ ಎಂದರೆ ಮೌನ. ಆದರೆ ಡ್ರೈವರ್ ಅದೇ ಅಂಕಿಯಲ್ಲಿ ಎರಡನೇ ಬಿಟ್ ಹುಡುಕುತ್ತದೆ. ಆ ಬಿಟ್ ಒಂದಾಗಿದ್ದರೆ ಕಂಟ್ರೋಲರ್‌ಗೆ ಮಾರಕ ದೋಷ ಎಂದರ್ಥ. ಮೌನದಲ್ಲಿ ಎಲ್ಲವೂ ಒಂದೇ ಆಗಿರುವುದರಿಂದ ಆ ಬಿಟ್ಟೂ ಒಂದು. ಹಾಗಾಗಿ ಉತ್ತರ ಬಾರದಿರುವುದು ‘ನಾನು ಸತ್ತೆ’ ಎಂಬ ಉತ್ತರವಾಗಿ ದಾಖಲಾಗುತ್ತದೆ.

ನನ್ನ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ನನ್ನ ಕೆಲಸದ ಹೆಸರಿನಲ್ಲೂ ಡ್ರೈವರ್ ಇದೆ ಎಂದು ಅವರಿಗೆ ಹೇಳಿದ್ದರೆ ಸಂತೋಷಪಡುತ್ತಿದ್ದರೇನೋ. ಮೇಲೆ ಎಂಜಿನ್ ಮನೆಯಲ್ಲಿ ಕೂತವನಿಗೆ ಕೆಳಗಿನ ಕೇಜ್ ಕಾಣುವುದಿಲ್ಲ. ಮೂರು ಕಿಲೋಮೀಟರಿಗೂ ಮೀರಿ ಆಳಕ್ಕೆ ಹೋದ ಗಣಿ ಅದು. ಕೆಳಗಿನವನು ಗಂಟೆ ಬಾರಿಸಬೇಕು, ಬ್ಯಾಂಕ್ಸ್‌ಮನ್ ಅದನ್ನು ತಿರುಗಿ ಬಾರಿಸಬೇಕು, ಆಮೇಲೆ ಡ್ರೈವರ್ ಸನ್ನೆಗೋಲಿಗೆ ಕೈ ಹಾಕಬೇಕು. ‘ಗಂಟೆ ಬರಲಿಲ್ಲ ಅಂದ್ರೆ ಏನೂ ಗೊತ್ತಿಲ್ಲ ಅಂತ, ಅಷ್ಟೇ’ ಎನ್ನುತ್ತಿದ್ದರು ತಾತ. ಕೆಳಗೆ ಯಾರೂ ಹೊಡೆಯದಿರಬಹುದು, ತಂತಿ ಹರಿದಿರಬಹುದು, ಗಂಟೆಯೇ ಕೆಟ್ಟಿರಬಹುದು. ಬಾರದ ಗಂಟೆಯನ್ನು ಯಾವುದೋ ಒಂದು ಗಂಟೆ ಎಂದು ಎಣಿಸಿಕೊಂಡು ಎಂಜಿನ್ ಬಿಟ್ಟವನಿಗೆ ಆ ಕೆಲಸದಲ್ಲಿ ಜಾಗವಿರಲಿಲ್ಲ.

ಈಗ ಮೊದಲ ಸಾಲಿನ ಪ್ರಶ್ನೆಯನ್ನು ಮತ್ತೆ ಓದಿ. ಉತ್ತರ ಬರಲಿಲ್ಲ ಎಂಬಷ್ಟೇ ಗೊತ್ತಿರುವ ಕಡೆ ಅದು ವಿದ್ಯುತ್ ಉಳಿತಾಯದ ಕ್ರಮವನ್ನೂ ತಂದಿತು, ಅದರ ಹಿಂದೆಯೇ ‘ದೋಷವಿರುವ’ ಎಂಬ ವಿಶೇಷಣವನ್ನೂ ತಂದಿತು. ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರವಿದೆ. ‘ನಿಮ್ಮ ಮಗ ಕುಡಿಯುವುದನ್ನು ಬಿಟ್ಟನೇ’ ಎಂದು ಕೇಳಿದ ಹಾಗೆ. ಡ್ರೈವ್ ಬಿಸಿಯಾಗಿ ತನ್ನನ್ನು ತಾನೇ ನಿಲ್ಲಿಸಿಕೊಂಡಿರಬಹುದು. ಎಂ.2 ಸ್ಲಾಟಿನ ಆ ಒಂದು ಪುಟ್ಟ ತಿರುಪು ಸಡಿಲವಾಗಿರಬಹುದು. ಬೋರ್ಡಿನಿಂದ ಬರುವ 3.3 ವೋಲ್ಟ್ ಕುಸಿದಿರಬಹುದು. ಫರ್ಮ್‌ವೇರ್ ತನ್ನದೇ ಯಾವುದೋ ಲೂಪಿನಲ್ಲಿ ಸಿಕ್ಕಿಕೊಂಡಿರಬಹುದು. ಇವೆಲ್ಲವೂ ಎಂಟು ಎಫ್‌ಗಳನ್ನೇ ಕೊಡಬಲ್ಲವು. ನನಗೆ ಹೆಚ್ಚು ಬೇಸರವಾಗುವುದು ಇಲ್ಲಿ: ಆ ಬದಲಾವಣೆಯ ಜೊತೆ ಬರೆದ ಟಿಪ್ಪಣಿಯಲ್ಲಿ ಬುಶ್ ಇದನ್ನು ಒಪ್ಪಿಕೊಂಡಿದ್ದಾರೆ. ಕಾರಣಗಳು ಹಲವು ಇರಬಹುದು, ಆದರೆ ಎಪಿಎಸ್‌ಟಿ ದೋಷವೇ ಪದೇ ಪದೇ ಸಿಕ್ಕಿದೆ ಎಂಬ ಅರ್ಥದ ಮಾತು ಅಲ್ಲಿದೆ. ಪ್ರಾಮಾಣಿಕವಾದ, ಅಳತೆಯಲ್ಲಿರುವ ಮಾತು. ಅದು ಡೆವಲಪರ್‌ಗಳು ಓದುವ ಟಿಪ್ಪಣಿಯಲ್ಲೇ ಉಳಿಯಿತು. ಪರದೆಗೆ ಬಂದದ್ದು ಅನುಮಾನವನ್ನು ಸೋಸಿ ತೆಗೆದ ಸಾಲು. ಗೊತ್ತಿರುವವರ ನಡುವೆ ‘ಇರಬಹುದು’ ಎಂದು ಆಡಿದ್ದು ಗೊತ್ತಿಲ್ಲದವರ ಮುಂದೆ ಬಂದಾಗ ‘ಇದೇ’ ಆಗಿಬಿಟ್ಟಿತು.

ಸಂದೇಶದಲ್ಲಿ ಎರಡನೇ ಅಂಕಿಯೂ ಒಂದಿದೆ. ಅದನ್ನು ಯಾರೂ ಓದುವುದಿಲ್ಲ. ಪಿಸಿಐ ಸ್ಟೇಟಸ್ ಎಂಬುದು ಅದರ ಹೆಸರು. ಅದು ನಾಲ್ಕು ಎಫ್ ಎಂದಿದ್ದರೆ ಡ್ರೈವ್‌ನ ಕಾನ್ಫಿಗರೇಶನ್ ಜಾಗವೂ ಸಿಕ್ಕಿಲ್ಲ, ಲಿಂಕ್ ಬಿದ್ದಿದೆ ಅಥವಾ ಡ್ರೈವ್‌ಗೆ ವಿದ್ಯುತ್ತೇ ಇಲ್ಲ. ಅದು ‘ಒಂದು ಸೊನ್ನೆ’, ಅಂದರೆ 0x10, ಎಂದಿದ್ದರೆ ಕಥೆಯೇ ಬೇರೆ. ಅದರಲ್ಲಿ ಒಂದಾಗಿರುವ ಬಿಟ್ ಹೇಳುವುದು, ನನ್ನಲ್ಲಿ ಸಾಮರ್ಥ್ಯಗಳ ಪಟ್ಟಿ ಇದೆ ಎಂಬ ಮಾಮೂಲಿ ಮಾತು. ಮಾಮೂಲಿ ಮಾತು ಬಂದಿದೆ ಎಂದರೆ ಲಿಂಕ್ ಬದುಕಿದೆ, ಬಾಗಿಲಲ್ಲಿ ಯಾರೋ ಇದ್ದಾರೆ, ಒಳಗಿನ ಕೋಣೆಯಿಂದ ಮಾತ್ರ ಉತ್ತರವಿಲ್ಲ. ಹುಡುಕಬೇಕಾದ ಜಾಗ ಅರ್ಧಕ್ಕೆ ಇಳಿಯಿತು. ಇಷ್ಟು ಬೆಲೆಯುಳ್ಳ ಸುಳಿವನ್ನು ಅದೇ ಸಂದೇಶ ಮೇಲಿನ ಸಾಲಿನಲ್ಲಿ ಅಚ್ಚು ಮಾಡಿ, ಕೆಳಗಿನ ಸಾಲಿನಲ್ಲಿ ಅದನ್ನು ನೋಡಲೇಬೇಕಿಲ್ಲದಂಥ ಸಲಹೆ ಕೊಡುತ್ತದೆ. ನಾಲ್ಕು ಎಫ್ ಇರಲಿ, ಒಂದು ಸೊನ್ನೆ ಇರಲಿ, ಸಲಹೆ ಒಂದೇ: ಮೂರನ್ನೂ ಆಫ್ ಮಾಡಿ.

ಮೂರನ್ನೂ ಒಟ್ಟಿಗೆ! ಮನೆಯಲ್ಲಿ ಫ್ಯೂಸ್ ಹಾರಿದರೆ ಒಂದೊಂದೇ ಸ್ವಿಚ್ ಹಾಕಿ ನೋಡುವುದು ಕೋಲಾರದ ಯಾವ ಅಮ್ಮನಿಗೂ ಹೇಳಿಕೊಡಬೇಕಿಲ್ಲ. ಇಲ್ಲಿ ಆಫ್ ಆಗುವ ಮೂರೂ ಬೇರೆಬೇರೆ ಮಹಡಿಯವು. ಮೊದಲನೆಯದು ಡ್ರೈವ್‌ನ ಒಳಗಿನದು. ಕೆಲಸವಿಲ್ಲದಿದ್ದಾಗ ಕಂಟ್ರೋಲರ್ ತಾನಾಗಿ ಮೂರನೇ, ನಾಲ್ಕನೇ ಹಂತದ ನಿದ್ದೆಗೆ ಇಳಿಯುತ್ತದೆ. ಎಷ್ಟು ಹೊತ್ತು ಸುಮ್ಮನಿದ್ದ ಮೇಲೆ ಎಂಬುದಕ್ಕೆ ಲಿನಕ್ಸ್ ಮೊದಲು ಇಟ್ಟುಕೊಂಡಿದ್ದ ಲೆಕ್ಕವೂ ಚೆಂದದ್ದೇ: ಮಲಗಲು ಮತ್ತು ಏಳಲು ಬೇಕಾಗುವ ಒಟ್ಟು ಸಮಯದ 50 ಪಟ್ಟು. ಹತ್ತು ಮಿಲಿಸೆಕೆಂಡ್ ಬೇಕೆಂದರೆ ಅರ್ಧ ಸೆಕೆಂಡ್ ಸುಮ್ಮನಿದ್ದ ಮೇಲೆ ನಿದ್ದೆ. ಹಾಗಾಗಿ ಮಲಗುವ ಏಳುವ ಗಡಿಬಿಡಿಯಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಹೊತ್ತು ಹಾಳಾಗುತ್ತಿರಲಿಲ್ಲ. ಎರಡನೆಯದು ಡ್ರೈವ್‌ಗೂ ಪ್ರೊಸೆಸರ್‌ಗೂ ನಡುವಿನ ಲಿಂಕ್‌ನ ನಿದ್ದೆ. ಮೂರನೆಯದು ಬೋರ್ಡಿನ ಪಿಸಿಐಇ ಪೋರ್ಟ್‌ಗಳದ್ದು, ಅದೂ ಎಲ್ಲ ಪೋರ್ಟ್‌ಗಳದ್ದು. ಡ್ರೈವ್‌ನ ಜೊತೆಗೆ ವೈಫೈ ಕಾರ್ಡಿನ ಪೋರ್ಟೂ ಎಚ್ಚರವಾಗಿ ಕೂರುತ್ತದೆ. ಈ ಮೂರನ್ನೂ ಆಫ್ ಮಾಡಿದ ಮೇಲೆ ದೋಷ ನಿಂತರೆ ನಮಗೆ ಗೊತ್ತಾದದ್ದೇನು? ಎಲ್ಲೋ ಒಂದು ನಿದ್ದೆಯಲ್ಲಿ ತೊಂದರೆ ಇತ್ತು ಎಂದಷ್ಟೇ. ಅದನ್ನು ಪ್ರಶ್ನೆಯೇ ಮೊದಲು ಹೇಳಿಬಿಟ್ಟಿತ್ತು.

ಎರಡನೇ ಆಯ್ಕೆಯ ಹೆಸರು ಮತ್ತೂ ಕಷ್ಟ ಕೊಡುತ್ತದೆ. ಪಿಸಿಐಇ ಎಎಸ್‌ಪಿಎಂ ಆಫ್ ಎಂದು ಬರೆದರೆ ಎಎಸ್‌ಪಿಎಂ ಆಫ್ ಆಗುತ್ತದೆ ಎಂದು ಯಾರಾದರೂ ನಂಬುತ್ತಾರೆ. ಆಗುವುದಿಲ್ಲ. ಕರ್ನಲ್ಲಿನ ದಾಖಲೆಯಲ್ಲೇ ಬರೆದಿದೆ: ಇದರ ಅರ್ಥ, ಕರ್ನಲ್ ಎಎಸ್‌ಪಿಎಂ ವ್ಯವಸ್ಥೆಯನ್ನು ಮುಟ್ಟದೆ ಬಯಾಸ್ ಮಾಡಿಟ್ಟಂತೆ ಬಿಡುತ್ತದೆ ಎಂದು. ಬಯಾಸ್ ಅದನ್ನು ಆನ್ ಮಾಡಿಟ್ಟಿದ್ದರೆ ಆನ್ ಆಗಿಯೇ ಇರುತ್ತದೆ. ಅಂದರೆ ಒಬ್ಬರ ಯಂತ್ರದಲ್ಲಿ ಈ ಆಯ್ಕೆ ಲಿಂಕ್ ನಿದ್ದೆಯನ್ನು ನಿಲ್ಲಿಸುತ್ತದೆ, ಇನ್ನೊಬ್ಬರ ಯಂತ್ರದಲ್ಲಿ ಅದೇ ನಿದ್ದೆಯನ್ನು ಭದ್ರ ಮಾಡುತ್ತದೆ, ಕರ್ನಲ್ ಕೈ ಹಾಕಿ ಸರಿಪಡಿಸುವ ದಾರಿಯನ್ನೂ ಮುಚ್ಚುತ್ತದೆ. ಹೆಸರಿಗೂ ಕೆಲಸಕ್ಕೂ ಇಷ್ಟು ಅಂತರವಿರುವ ಆಯ್ಕೆಯನ್ನು, ಎಚ್ಚರಿಕೆಯ ಒಂದು ಪದವಿಲ್ಲದೆ, ಗಾಬರಿಗೊಂಡ ಮನುಷ್ಯನ ಕೈಗೆ ಕೊಡುವುದು ಒಳ್ಳೆಯ ಬರವಣಿಗೆಯಲ್ಲ. ‘ಮಾಡಿ ನೋಡಿದೆ, ಉಪಯೋಗವಾಗಲಿಲ್ಲ, ಹಾಗಾದರೆ ಲಿಂಕ್ ತೊಂದರೆ ಅಲ್ಲ’ ಎಂದು ಎಷ್ಟು ಜನ ತಪ್ಪು ದಾರಿ ಹಿಡಿದಿದ್ದಾರೋ!

ನಾನು ಹಿಡಿದಿದ್ದು ಬೇರೆ ತಪ್ಪು ದಾರಿ. ಅದನ್ನೂ ಹೇಳುತ್ತೇನೆ, ಈ ಸಾಲುಗಳ ಮೇಲೆ ನನಗೆ ಸಿಟ್ಟು ಬಂದದ್ದು ಆಗಲೇ.

ಹಿಂದೊಮ್ಮೆ ನನ್ನ ಸ್ವಂತ ಲ್ಯಾಪ್‌ಟಾಪ್‌ಗೆ ಇದೇ ಕಾಯಿಲೆ ಬಂತು. ವಿಚಿತ್ರವೆಂದರೆ ರೈಲಿನಲ್ಲಿ ಮಾತ್ರ. ಮನೆಯಲ್ಲಿ ರಾತ್ರಿಯಿಡೀ ಬಿಟ್ಟರೂ ಏನೂ ಇಲ್ಲ, ಆಫೀಸಿನಲ್ಲೂ ಇಲ್ಲ. ಬಂಗಾರಪೇಟೆ ಬಿಟ್ಟು ಮಾಲೂರು ಬರುವುದರೊಳಗೆ, ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾ ಕೂತಾಗ, ಡ್ರೈವ್ ಮಾಯ. ಫೈಲ್‌ಸಿಸ್ಟಂ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ, ಆಮೇಲೆ ಅದೂ ಇಲ್ಲ. ಎಲ್ಲರೂ ಹೇಳಿದ್ದು ಒಂದೇ: ರೈಲಿನ ಅದುರು, ಒಳಗೆ ಏನೋ ಸಡಿಲವಾಗಿದೆ. ಬಿಚ್ಚಿದೆ. ತಿರುಪು ಗಟ್ಟಿಯಾಗಿತ್ತು. ಒಂದು ರಿಪೇರಿ ಅಂಗಡಿಯವರು ನಮ್ಮ ಕಡೆಯ ಕರೆಂಟನ್ನು ಬೈದರು: ‘ನಿಮ್ಮೂರಲ್ಲಿ ವೋಲ್ಟೇಜ್ ಏರಿಳಿತ ಜಾಸ್ತಿ ಸಾರ್, ಕಂಟ್ರೋಲರ್ ಸುಟ್ಟಿರುತ್ತೆ.’ 1902ರಲ್ಲಿ, ಬೆಂಗಳೂರಿಗೆ ವಿದ್ಯುತ್ ದೀಪ ಬರುವುದಕ್ಕೂ ಮೊದಲೇ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆಸಿಕೊಂಡು ಗಣಿ ನಡೆಸಿದ ಸೀಮೆ ನಮ್ಮದು. ಆ ಮಾತು ಇರಲಿ. ನನ್ನ ಯಂತ್ರ ಕೆಡುತ್ತಿದ್ದದ್ದು ಬ್ಯಾಟರಿಯ ಮೇಲೆ, ಗೋಡೆಯ ಕರೆಂಟಿನ ಮೇಲಲ್ಲ. ಇಷ್ಟು ಕಣ್ಣೆದುರಿಗಿದ್ದರೂ ಹೊಸ ಡ್ರೈವ್‌ಗೆ ದುಡ್ಡು ಕೊಟ್ಟೆ. ಹೊಸದು ಮೂರನೇ ದಿನ ಮಾಲೂರಿನ ಹತ್ತಿರ ಮಾಯವಾಯಿತು.

ಇಂಥ ದೋಷ ಹಿಡಿಯುವುದು ಕಷ್ಟವಾಗುವುದಕ್ಕೆ ಒಂದು ಕಾರಣವಿದೆ. ಕರ್ನಲ್ ತನ್ನ ಮಾತುಗಳನ್ನು ಬರೆದಿಡುವುದು ಲಾಗ್ ಫೈಲಿನಲ್ಲಿ. ಆ ಫೈಲ್ ಇರುವುದು ಈಗಷ್ಟೇ ಮಾಯವಾದ ಡ್ರೈವ್‌ನಲ್ಲಿ. ರೀಬೂಟ್ ಮಾಡಿದರೆ ಲಾಗ್ ಆ ಗಳಿಗೆಯ ಮುಂಚಿನವರೆಗೆ ಚೊಕ್ಕವಾಗಿದೆ, ಆಮೇಲೆ ಹೊಸ ಬೂಟ್. ನಡುವೆ ಏನಾಯಿತೆಂಬುದು ಮೆಮೊರಿಯಲ್ಲಿ ಮಾತ್ರ ಇತ್ತು, ಪವರ್ ಬಟನ್ ಒತ್ತಿ ಹಿಡಿದಾಗ ಹೋಯಿತು. ಒಂದು ಬೆಳಿಗ್ಗೆ, ಡ್ರೈವ್ ಹೋದದ್ದು ತಿಳಿದ ತಕ್ಷಣ ಗಾಬರಿಪಡದೆ ಟರ್ಮಿನಲ್ಲಿನಲ್ಲಿ ‘ಡಿಮೆಸೇಜ್’ ಎಂದು ಟೈಪ್ ಮಾಡಿದೆ. ಡಿಸ್ಕಿಲ್ಲದ ಯಂತ್ರದಲ್ಲಿ ಆ ಪ್ರೋಗ್ರಾಂ ಓಡಬಾರದಿತ್ತು. ಹಿಂದಿನ ದಿನ ಹತ್ತು ಸಲ ಓಡಿಸಿದ್ದರಿಂದ ಅದರ ನಕಲು ಮೆಮೊರಿಯ ಕ್ಯಾಶ್‌ನಲ್ಲಿ ಉಳಿದಿತ್ತು. ಓಡಿತು! ಪುಟಪುಟವಾಗಿ ನೋಡೋಣವೆಂದು ‘ಲೆಸ್’ ಕರೆದರೆ ಇನ್‌ಪುಟ್ ಔಟ್‌ಪುಟ್ ದೋಷ. ಪರದೆಯಲ್ಲಿ ಉಳಿದ ಕೊನೆಯ ನಲವತ್ತು ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಎಂಟು ಎಫ್, ನಾಲ್ಕು ಎಫ್, ಕೆಳಗೆ ಆ ಎರಡು ಸಾಲು. ಅವನ್ನು ನಾನು ಮೊದಲ ಸಲ ಸ್ವಂತ ಯಂತ್ರದಲ್ಲಿ ನೋಡಿದ್ದು ಆಗ. ಇಷ್ಟು ವರ್ಷದ ಅನುಭವ ಬದಿಗಿಟ್ಟು, ಹೇಳಿದ ಹಾಗೆ ಮೂರನ್ನೂ ಹಾಕಿದೆ. ದೋಷ ನಿಂತಿತು. ಬಗ್ ವರದಿ ಮಾಡಲಿಲ್ಲ. ಏನೆಂದು ಮಾಡಲಿ? ನನಗೆ ಏನೂ ಗೊತ್ತಾಗಿರಲಿಲ್ಲ.

ಬೆಲೆ ತೆತ್ತದ್ದು ಬ್ಯಾಟರಿ. ಬೆಳಗಿನ ಪಯಣ, ಸಂಜೆಯ ಪಯಣ ಎರಡನ್ನೂ ತಾಳುತ್ತಿದ್ದದ್ದು ಸಂಜೆ ವೈಟ್‌ಫೀಲ್ಡ್ ದಾಟಿದರೆ ಮುಗಿಯಿತು. ಎಸ್‌ಎಸ್‌ಡಿ ಮಲಗದಿದ್ದರೆ ಅಷ್ಟೇನು ಖರ್ಚು ಎನ್ನುವವರು ಇಲ್ಲಿ ಗಮನಿಸಬೇಕು. ಆಳವಾದ ನಿದ್ದೆಯಲ್ಲಿ ಇಂಥ ಡ್ರೈವ್ ಸುಮಾರು 5 ಮಿಲಿವ್ಯಾಟ್ ತಿನ್ನುತ್ತದೆ, ಅದು ಒಂದು ಲೆಕ್ಕ. ದೊಡ್ಡ ಲೆಕ್ಕ ಬೇರೆ ಇದೆ. ಲಿಂಕ್ ಮಲಗದಿದ್ದರೆ ಪ್ರೊಸೆಸರ್ ಪ್ಯಾಕೇಜೂ ತನ್ನ ಆಳದ ನಿದ್ದೆಗೆ ಇಳಿಯಲಾರದು. ಒಬ್ಬ ಎಚ್ಚರವಿದ್ದರೆ ಮನೆಯ ದೀಪ ಆರಿಸುವಂತಿಲ್ಲವಲ್ಲ, ಹಾಗೆ.

ಕೊನೆಗೆ ಒಂದೊಂದೇ ತೆಗೆದು ನೋಡಿದೆ. ಎಪಿಎಸ್‌ಟಿಯ ಆಯ್ಕೆ ಒಂದನ್ನೇ ಉಳಿಸಿದೆ: ಎರಡನೇ ದಿನವೇ ಡ್ರೈವ್ ಮಾಯ. ಪೋರ್ಟಿನದ್ದನ್ನು ಉಳಿಸಿದೆ: ಮಾಯ. ಎಎಸ್‌ಪಿಎಂ ಒಂದನ್ನೇ ಉಳಿಸಿದೆ: ವಾರವಾದರೂ ಗಟ್ಟಿ. ಹಾಗಾದರೆ ಲಿಂಕ್. ಆದರೆ ಮನೆಯಲ್ಲಿ ಯಾಕೆ ಬರುವುದಿಲ್ಲ? ಚಾರ್ಜರ್ ತೆಗೆದು ಮನೆಯ ಮೇಜಿನ ಮೇಲೆಯೇ ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಹೋಯಿತು. ಅದುರೂ ಇಲ್ಲ, ರೈಲೂ ಇಲ್ಲ. ಚಾರ್ಜರ್ ಇದ್ದಾಗ ನನ್ನ ಪವರ್ ಪ್ರೊಫೈಲ್ ಎಎಸ್‌ಪಿಎಂ ನೀತಿಯನ್ನು ಡಿಫಾಲ್ಟ್‌ನಲ್ಲಿಡುತ್ತಿತ್ತು, ಬ್ಯಾಟರಿಗೆ ಬಂದ ಕೂಡಲೇ ಪವರ್‌ಸೂಪರ್‌ಸೇವ್‌ಗೆ ಬದಲಿಸುತ್ತಿತ್ತು. ಆ ನೀತಿಯಲ್ಲಿ ಮಾತ್ರ ಲಿಂಕ್ ಎಲ್1.2 ಎಂಬ ತೀರಾ ಆಳದ ಉಪಹಂತಕ್ಕೆ ಇಳಿಯುತ್ತಿತ್ತು. ಅಲ್ಲಿ ರೆಫರೆನ್ಸ್ ಕ್ಲಾಕೇ ನಿಲ್ಲುತ್ತದೆ. ಏಳಬೇಕಾದಾಗ ಒಂದು ಕಡೆಯವರು ಕ್ಲಾಕ್ ಬೇಕೆಂದು ಒಂದು ತಂತಿಯನ್ನು ಕೆಳಕ್ಕೆ ಎಳೆಯಬೇಕು, ವಿದ್ಯುತ್ ಸ್ಥಿರವಾಗಲು ಇಷ್ಟು ಮೈಕ್ರೋಸೆಕೆಂಡ್ ಎಂದು ಮೊದಲೇ ಬರೆದಿಟ್ಟ ಹೊತ್ತು ಕಾಯಬೇಕು, ಆಮೇಲೆ ಮಾತು. ನನ್ನ ಬೋರ್ಡಿನಲ್ಲಿ ಬರೆದಿಟ್ಟ ಹೊತ್ತು ಸಾಲುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ. ಪರಿಹಾರಕ್ಕೆ ಬೂಟ್ ಆಯ್ಕೆಯೇ ಬೇಕಾಗಲಿಲ್ಲ. ಸಿಸ್‌ಎಫ್‌ಎಸ್‌ನಲ್ಲಿ ಆ ಒಂದು ಸಾಧನದ ಲಿಂಕ್ ಫೋಲ್ಡರಿನಲ್ಲಿ ಎಲ್1.2ಕ್ಕೆ ಒಂದು ಫೈಲ್ ಇದೆ, ಅದಕ್ಕೆ ಸೊನ್ನೆ ಬರೆದೆ. ಡ್ರೈವ್ ಮಲಗುತ್ತದೆ, ಪೋರ್ಟ್ ಮಲಗುತ್ತದೆ, ಲಿಂಕ್ ಎಲ್1ವರೆಗೆ ಮಲಗುತ್ತದೆ. ಕಡೆಯ ಮೆಟ್ಟಿಲೊಂದನ್ನು ಮಾತ್ರ ಇಳಿಯುವುದಿಲ್ಲ. ಹಳೆಯ ಡ್ರೈವನ್ನು ತಂದು ಮತ್ತೆ ಹಾಕಿದೆ. ಇವತ್ತಿಗೂ ಅದೇ ಇದೆ.

ಹಾಗಾದರೆ ಒಳ್ಳೆಯ ಬರವಣಿಗೆ ಯಾವುದು? ಅದೇ ಡ್ರೈವರ್‌ನ ಒಳಗೆ, ಬಳಕೆದಾರರ ಪರದೆಗೆ ಎಂದೂ ಬಾರದ ಒಂದು ಕಾಮೆಂಟ್ ಇದೆ. 2017ರಲ್ಲಿ ಕರ್ನಲ್ 4.11ರ ಹೊತ್ತಿಗೆ ಆಂಡಿ ಲುಟೊಮಿರ್‌ಸ್ಕಿ ಎಪಿಎಸ್‌ಟಿಯನ್ನು ಲಿನಕ್ಸ್‌ಗೆ ತಂದಾಗ ಹುಟ್ಟಿದ್ದು. ಕೆಲವು ಸ್ಯಾಮ್‌ಸಂಗ್ ಡ್ರೈವ್‌ಗಳು ಆಳದ ನಿದ್ದೆಯಿಂದಾಗಿ ಬಸ್‌ನಿಂದ ಕಳಚಿ ಬೀಳುತ್ತಿವೆ, ಎಸ್‌ಎಂ951, ಪಿಎಂ951, 950 ಪ್ರೊಗಳಲ್ಲಿ ಕಂಡಿದೆ, ಆದರೆ ಎರಡು ಡೆಲ್ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಸೀಮಿತವಾದಂತೆ ತೋರುತ್ತದೆ ಎಂಬುದು ಅದರ ಸಾರ. ಎಷ್ಟು ಕಂಡಿತೋ ಅಷ್ಟು. ಎಲ್ಲಿ ಕಂಡಿತೋ ಅಲ್ಲಿ. ‘ತೋರುತ್ತದೆ’ ಎಂಬ ಕ್ರಿಯಾಪದ ಬೇರೆ. ಅದಕ್ಕೆ ಹೊಂದಿದ ಕೋಡ್ ಕೂಡ ಅಷ್ಟೇ ಮಿತವಾದದ್ದು: ಎಕ್ಸ್‌ಪಿಎಸ್ 15 9550 ಅಥವಾ ಪ್ರಿಸಿಷನ್ 5510 ಆಗಿದ್ದರೆ, ಆ ಡ್ರೈವ್ ಇದ್ದರೆ, ಎಲ್ಲಕ್ಕಿಂತ ಆಳದ ಹಂತ ಒಂದನ್ನು ಮಾತ್ರ ಬಿಡು. ಡ್ರೈವ್ ಕೆಟ್ಟದ್ದು ಎನ್ನಲಿಲ್ಲ, ಲ್ಯಾಪ್‌ಟಾಪ್ ಕೆಟ್ಟದ್ದು ಎನ್ನಲಿಲ್ಲ. ಇವೆರಡೂ ಸೇರಿದಾಗ, ಈ ಆಳದಲ್ಲಿ, ಹೀಗಾಗುತ್ತದೆ ಎಂದಿತು. ಸಾಟಾ ಡ್ರೈವ್‌ಗಳ ಕಡೆಗೂ ಇಂಥದೊಂದು ಸಾಲಿದೆ. ಕ್ರುಶಿಯಲ್ ಎಂಎಕ್ಸ್100ರ 512 ಜಿಬಿ ಮಾದರಿಯಲ್ಲಿ ಎಂಯು01 ಫರ್ಮ್‌ವೇರ್ ಇದ್ದರೆ ಟ್ರಿಮ್ ಮತ್ತು ಲಿಂಕ್ ನಿದ್ದೆ ಎರಡರಲ್ಲೂ ತೊಂದರೆ, ಹೊಸ ಫರ್ಮ್‌ವೇರ್ ಇದ್ದರೆ ಲಿಂಕ್ ನಿದ್ದೆಯಲ್ಲಿ ಮಾತ್ರ ಎಂದು ಎರಡು ನಮೂದುಗಳಾಗಿ ಬಿಡಿಸಿಟ್ಟಿದ್ದಾರೆ. ಒಂದೇ ನಮೂದಿನಲ್ಲಿ ಮುಗಿಸಬಹುದಿತ್ತು. ಮುಗಿಸಲಿಲ್ಲ.

2017ರ ಕಾಮೆಂಟಿನ ಪಕ್ಕದಲ್ಲೇ 960 ಎವೊ ಡ್ರೈವ್‌ಗೆ ಎರಡು ಆಸೂಸ್ ಬೋರ್ಡ್‌ಗಳಲ್ಲಿ ಎಪಿಎಸ್‌ಟಿ ಪೂರ್ತಿ ಬೇಡ ಎಂಬ ನಮೂದು ಬಂತು. 2022ರಲ್ಲಿ ಎಲ್ಲರಿಗೂ ಎಲ್ಲವೂ ಬೇಡ ಎಂಬ ಸಲಹೆ ಬಂತು. ಆಳದ ಒಂದು ಹಂತದಿಂದ ಇಡೀ ಎಪಿಎಸ್‌ಟಿಗೆ, ಅಲ್ಲಿಂದ ಇಡೀ ಯಂತ್ರಕ್ಕೆ. ಹೆಚ್ಚು ಯಂತ್ರಗಳನ್ನು ನೋಡುತ್ತ ಹೋದಂತೆ ನಮ್ಮ ಮಾತು ನಿಖರವಾಗಬೇಕಿತ್ತು.

ಈ ವಾದವನ್ನು ಆಫೀಸಿನ ಗೆಳೆಯರ ಮುಂದಿಟ್ಟಾಗ ಎರಡು ಕಡೆಯಿಂದ ಏಟು ಬಿತ್ತು. ಮೊದಲ ಗುಂಪಿನವರದ್ದು: ಎಲ್ಲ ತಪ್ಪೂ ಡ್ರೈವ್ ತಯಾರಕರ ಫರ್ಮ್‌ವೇರಿನದ್ದು, ಸಂದೇಶವನ್ನು ಬೈದು ಏನು ಬಂತು? ಬೇರೆ ಆಪರೇಟಿಂಗ್ ಸಿಸ್ಟಂನಲ್ಲಿ ಅದೇ ಡ್ರೈವ್ ನೆಟ್ಟಗಿರುತ್ತದೆ ಎಂದು ಅದಕ್ಕೆ ಉತ್ತರ ಕೊಡುವ ಎದುರಾಳಿಗಳೂ ಅಲ್ಲೇ ಇದ್ದಾರೆ. ಇಬ್ಬರೂ ಅರ್ಧವನ್ನೇ ಹೇಳುತ್ತಿದ್ದಾರೆ. ಬೇರೆ ಆಪರೇಟಿಂಗ್ ಸಿಸ್ಟಂ ಬೇರೆ ಹೊತ್ತಿಗೆ, ಬೇರೆ ಆಳಕ್ಕೆ ಮಲಗಿಸುತ್ತದೆ, ಅದಕ್ಕೇ ಅಲ್ಲಿ ದೋಷ ಕಾಣುವುದಿಲ್ಲ. ನನ್ನ ಯಂತ್ರದಲ್ಲಿ ಎರಡು ಡ್ರೈವ್‌ಗಳ ಫರ್ಮ್‌ವೇರೂ ನಿರಪರಾಧಿ. ಯಾರ ತಪ್ಪು ಎಂಬ ಜಗಳ, ಎಲ್ಲಿ ತಪ್ಪಿತು ಎಂಬ ಹುಡುಕಾಟದ ಜಾಗದಲ್ಲಿ ಬಂದು ಕೂರುತ್ತದೆ.

ಎರಡನೇ ಗುಂಪಿನ ಮಾತು ನನ್ನನ್ನು ಹೆಚ್ಚು ಕಾಡಿದೆ. ಅವರು ಹೇಳುವುದು: ಬಳಕೆದಾರನಿಗೆ ಯಂತ್ರ ನಡೆದರೆ ಸಾಕು. ಅವನನ್ನು ರಿಜಿಸ್ಟರ್ ಓದಲು ಯಾಕೆ ಕೂರಿಸುತ್ತೀರಿ? ದಯೆಯ ಮಾತಿನಂತೆ ಕೇಳಿಸುತ್ತದೆ. ಕನ್ನಡದಲ್ಲಿ ಕಂಪ್ಯೂಟರ್ ಬಗ್ಗೆ ಬರೆಯುವವರಲ್ಲಿ ಅನೇಕರು ಇದನ್ನೇ ತತ್ವ ಮಾಡಿಕೊಂಡಿದ್ದಾರೆ. ಈ ಆಜ್ಞೆ ಹಾಕಿ, ಎಂಟರ್ ಒತ್ತಿ, ಸರಿಹೋಗುತ್ತದೆ ಎಂದು ಬರೆಯುತ್ತಾರೆ. ಆ ಆಜ್ಞೆ ಏನನ್ನು ನಿಲ್ಲಿಸುತ್ತದೆ, ಯಾಕೆ ನಿಲ್ಲಿಸುತ್ತದೆ ಎಂಬ ಒಂದು ವಾಕ್ಯ ಬರೆದರೆ ಓದುಗ ಓಡಿಹೋಗುತ್ತಾನೆಂಬ ಭಯ. ನಮ್ಮ ಓದುಗನನ್ನು ಇಷ್ಟು ಕೀಳಾಗಿ ಕಾಣಬಾರದು. ಕೆಜಿಎಫ್‌ನ ಗಣಿಯವರನ್ನೇ ನೋಡಿ. ಅಲ್ಲಿ ನೆಲದಡಿ ಬಂಡೆ ಸಿಡಿಯುತ್ತಿತ್ತು. ಮನೆಯ ಪಾತ್ರೆ ಅಲುಗುವಷ್ಟು ಜೋರಾಗಿ ಸಿಡಿಯುತ್ತಿತ್ತು ಎಂದು ಆ ಊರಿನಲ್ಲಿ ಬೆಳೆದ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾವ ಲೆವೆಲ್‌ನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಜೋರು ಎಂದು ಗಣಿಯವರು ದಾಖಲಿಸಿದರು, ಸೀಸ್ಮೋಗ್ರಾಫ್ ಇಟ್ಟರು, ಆಧಾರಕ್ಕೆ ಗ್ರಾನೈಟ್ ಗೋಡೆ ಕಟ್ಟಿದರು, ಅದು ಸಾಲದ ಕಡೆ ಕಾಂಕ್ರೀಟ್ ತುಂಬಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಚಾಂಪಿಯನ್ ರೀಫ್ಸ್‌ನಲ್ಲೇ ಬಂದು ನೆಲೆ ನಿಂತದ್ದು ಸುಮ್ಮನೆ ಅಲ್ಲ. ತಮ್ಮ ತಮ್ಮ ಶಿಫ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ವರದಿ ಮಾಡಿದವರಲ್ಲಿ ಓದು ಬರಹ ಅಷ್ಟಕ್ಕಷ್ಟೇ ಇದ್ದ ಮೇಸ್ತ್ರಿಗಳೂ ಇದ್ದರು. ಅವರಿಗೆ ಆದದ್ದು ರೈಲಿನಲ್ಲಿ ಬೆಂಗಳೂರಿಗೆ ಕೋಡ್ ಬರೆಯಲು ಹೋಗುವ ಅವರ ಮೊಮ್ಮಕ್ಕಳಿಗೆ ಆಗುವುದಿಲ್ಲವೇ?

ಸಲಹೆಯ ಕೊನೆಯ ಮೂರು ಪದಗಳು ‘ಬಗ್ ವರದಿ ಮಾಡಿ’ ಎನ್ನುತ್ತವೆ. ಅವೇ ಮೊದಲು ಬರಬೇಕಿತ್ತು. ಇಡೀ ಪಠ್ಯದಲ್ಲಿ ಪರೋಪಕಾರದ ಭಾಗ ಅದೊಂದೇ: ನೀನು ಕಂಡದ್ದನ್ನು ಹೇಳಿದರೆ ಮುಂದಿನವನ ಯಂತ್ರಕ್ಕೆ ಒಂದು ಸರಿಯಾದ ನಮೂದು ಸಿಗುತ್ತದೆ. ಮೂರು ಸ್ವಿಚ್‌ನ ಹಿಂದೆ ಇಟ್ಟದ್ದರಿಂದ ಅಲ್ಲಿಗೆ ಯಾರೂ ತಲುಪುವುದಿಲ್ಲ. ಯಂತ್ರ ನಡೆಯಲು ಶುರುವಾದ ಮೇಲೆ ವರದಿ ಬರೆಯುವವರು ಎಷ್ಟು ಜನ? ನಾನೇ ಬರೆಯಲಿಲ್ಲವಲ್ಲ. ಒಂದೊಂದೇ ಆಯ್ಕೆ ಹಾಕಿ, ಯಾವುದರಿಂದ ನಿಂತಿತೋ ಅದನ್ನೂ ಮೇಲಿನ ಎರಡು ಅಂಕಿಗಳನ್ನೂ ತಿಳಿಸಿ ಎಂದು ಬರೆದಿದ್ದರೆ ಸಾಲು ಇನ್ನಷ್ಟು ಉದ್ದವಾಗುತ್ತಿತ್ತು, ಅಷ್ಟೇ.

ಅವತ್ತು ರೈಲಿನಲ್ಲಿ ಹುಡುಗ ಪವರ್ ಬಟನ್ ಮೇಲೆ ಬೆರಳಿಟ್ಟಿದ್ದ. ‘ಸ್ವಲ್ಪ ಇರಪ್ಪಾ, ಒತ್ತಬೇಡ. ಅದಕ್ಕೆ ಮುಂಚೆ ಡಿಮೆಸೇಜ್ ಓಡುತ್ತಾ ನೋಡು’ ಎಂದೆ. ಅವನ ಗೆಳೆಯ ಮೊದಲ ಸಲ ತಲೆಯೆತ್ತಿದ. ಹುಡುಗ ಟೈಪ್ ಮಾಡಿದ. ಒಂದು ಗಳಿಗೆ ಏನೂ ಬರಲಿಲ್ಲ, ಆಮೇಲೆ ಪರದೆ ತುಂಬ ಸಾಲುಗಳು ಬಂದು ಬಿದ್ದವು. ಫೋಟೋ ತೆಗೆಯಲು ಹೇಳಿದೆ. ತೆಗೆದು ಮೊಬೈಲನ್ನು ನನ್ನ ಕೈಗೆ ಕೊಟ್ಟ. ‘ಅದೇ ಅಲ್ವಾ ಅಣ್ಣಾ? ಎಲ್ಲರಿಗೂ ಬರೋದೇ’ ಎಂದ. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಸಿಎಸ್‌ಟಿಎಸ್ ಎಂಟು ಎಫ್. ಪಕ್ಕದಲ್ಲಿ ಪಿಸಿಐ ಸ್ಟೇಟಸ್ ಒಂದು ಸೊನ್ನೆ. ನನ್ನದರ ಹಾಗೆ ನಾಲ್ಕು ಎಫ್ ಅಲ್ಲ. ಇವನ ಲಿಂಕ್ ಬದುಕಿತ್ತು. ನನ್ನ ಪರಿಹಾರ ಇವನಿಗೆ ಆಗುವುದಿಲ್ಲ ಎಂದು ಹೇಳಿ, ಎಲ್ಲಿಂದ ಶುರು ಮಾಡಬೇಕೆಂದು ಅವನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಡುವಷ್ಟರಲ್ಲಿ ಕಂಟೋನ್ಮೆಂಟ್ ಬಂತು.